ಬೂದುಗುಂಬಳದಲ್ಲಿ ಕಲಿತ ಕಟ್ಟು

ಮಗುವನ್ನು ಎದೆಗೆ ಕಟ್ಟಿಕೊಳ್ಳುವುದನ್ನು ನಾನು ಕಲಿತದ್ದು ಬೂದುಗುಂಬಳಕಾಯಿಯಿಂದ. ಅಟ್ಟದ ಮೇಲೆ ಉಳಿದಿದ್ದ ಕಾಯಿಗಳಲ್ಲಿ ಸಣ್ಣದೊಂದನ್ನು ಇಳಿಸಿ ತೂಗಿದರೆ ಮೂರೂಮುಕ್ಕಾಲು ಕಿಲೋ ಬಂತು. ಮಗಳು ಇನ್ನೊಂದು ವಾರಕ್ಕೆ ಅಷ್ಟಾಗುವವಳು. ಕಾಯಿಯನ್ನು ಕಟ್ಟಿಕೊಂಡು ಬಾಣಂತಿ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿರುವಾಗ ಅತ್ತೆ ಕಷಾಯದ ಲೋಟ ಹಿಡಿದು ಒಳಗೆ ಬಂದರು. ನೋಡಿದವರೇ ಲೋಟ ಕೆಳಗಿಟ್ಟರು.

"ಕೂಸು ಇರಬೇಕಾದ ಜಾಗದಲ್ಲಿ ಕುಂಬಳಕಾಯಿ ಇಟ್ಟುಕೊಳ್ಳುತ್ತಾರೇನೇ ಮಾರಾಯ್ತಿ!"

ಅವರ ಸಿಟ್ಟು ಸುಮ್ಮನೆ ಬಂದದ್ದಲ್ಲ. ಬಲಿಯ ಜಾಗದಲ್ಲಿ ಪ್ರಾಣಿಗೆ ಬದಲಾಗಿ ಒಡೆಯುವ ಕಾಯಿ ಅದು. ನಮ್ಮ ಮನೆಯಲ್ಲಿ ಇವತ್ತಿಗೂ ಬೂದುಗುಂಬಳಕ್ಕೆ ಮೊದಲ ಕತ್ತಿ ಹಾಕುವವರು ಗಂಡಸರು, ಆಮೇಲೆ ಹೆಂಗಸರು ಹೆಚ್ಚುತ್ತಾರೆ. ಇದೆಲ್ಲ ನನಗೆ ಗೊತ್ತಿದ್ದದ್ದೇ, ಆ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೆ. ಕಾಯಿ ಅಟ್ಟಕ್ಕೆ ಹೋಯಿತು. ಅದರ ಬಿಳಿ ಬೂದಿ ಮಾತ್ರ ಹೊಸ ಬಟ್ಟೆಯ ಮೇಲೆ ಉಳಿಯಿತು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಒಳಗೆ. ತವರು ಸಾಗರದ ಕಡೆ. ಅಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಬಾಣಂತನವೂ ಗಂಡನ ಮನೆಯಲ್ಲೇ ನಡೆಯಿತು. ಮಗಳು ಹುಟ್ಟಿದ್ದು ಪುನರ್ವಸು ಮಳೆಯಲ್ಲಿ. ತೂಕ ಎರಡು ಕಿಲೋ ಒಂಬೈನೂರು ಗ್ರಾಂ. ತೊಟ್ಟಿಲಿಗೆ ಹಾಕಿದರೆ ಅಳು, ಜೋಳಿಗೆಗೆ ಹಾಕಿದರೆ ಅಳು, ಎತ್ತಿಕೊಂಡರೆ ನಿದ್ದೆ. ರಾತ್ರಿ ಹಾಲು ಕುಡಿಸುತ್ತ ಮೊಬೈಲಿನಲ್ಲೇ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಈ ಬಟ್ಟೆಯನ್ನು ತರಿಸಿದೆ. ಪೊಟ್ಟಣ ಬಿಚ್ಚಿದಾಗ ಅತ್ತೆ, "ಹೊಟ್ಟೆ ಕಟ್ಟಿಕೊಳ್ಳಲು ಮನೆಯಲ್ಲಿ ಹಳೇ ಸೀರೆ ಇರಲಿಲ್ಲವೇ?" ಎಂದು ಕೇಳಿದರು.

ಕೇಳಿದ್ದರಲ್ಲಿ ತಪ್ಪಿಲ್ಲ. ಉದ್ದ ಸುಮಾರು ಐದು ಮೀಟರ್, ಸೀರೆಗೆ ಸ್ವಲ್ಪ ಕಡಿಮೆ. ಅಗಲ ಸೀರೆಯ ಅರ್ಧ. ಆದರೆ ಇದು ನೇಯ್ದದ್ದಲ್ಲ, ಹೆಣೆದದ್ದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಬನಿಯನ್ ಬಟ್ಟೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಉಪಾಯವೆಲ್ಲ ಇರುವುದು ಇಲ್ಲೇ. ಸೀರೆ ಹಿಗ್ಗುವುದಿಲ್ಲವಾದ್ದರಿಂದ ಮಗುವನ್ನು ಹಿಡಿದುಕೊಂಡೇ ಸುತ್ತಬೇಕು, ಅದಕ್ಕೆ ಮೂರನೆಯ ಕೈ ಬೇಕು. ಬನಿಯನ್ ಬಟ್ಟೆಯನ್ನಾದರೆ ಮೊದಲು ಮೈಗೆ ಬಿಗಿದು ಕಟ್ಟಿಕೊಂಡು, ಆಮೇಲೆ ಅದನ್ನು ಹಿಗ್ಗಿಸಿ ಮಗುವನ್ನು ಒಳಗೆ ಇಳಿಸಬಹುದು. ಬೆಳಿಗ್ಗೆ ಒಮ್ಮೆ ಕಟ್ಟಿಕೊಂಡರೆ ಮಧ್ಯಾಹ್ನದವರೆಗೆ ಮಗುವನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದರೂ ಗಂಟು ಬಿಚ್ಚಬೇಕಾಗಿಲ್ಲ.

ಜೊತೆಗೆ ಬಂದಿದ್ದ ಚೀಟಿಯಲ್ಲಿ ಮಗು 3.6 ಕಿಲೋ ಆದ ಮೇಲೆ ಬಳಸಿ ಎಂದಿತ್ತು. ಇಪ್ಪತ್ತೆಂಟನೆಯ ದಿನ ಆಶಾ ಕಾರ್ಯಕರ್ತೆ ಬಂದು ಮಗಳನ್ನು ತಕ್ಕಡಿಯ ಜೋಲಿಯಲ್ಲಿ ಕೂರಿಸಿ ತೂಗಿದರು. ಮುಳ್ಳು 3.7ರ ಹತ್ತಿರ ನಿಂತಿತು. ಬಟ್ಟೆ ತೋರಿಸಿದೆ. "ಓ, ಕಾಂಗರೂ ಆರೈಕೆ!" ಎಂದರು. ಅದೇ ಅಲ್ಲ, ಅದರ ದೂರದ ನೆಂಟ. ಕಾಂಗರೂ ಆರೈಕೆ ಶುರುವಾದದ್ದು 1978ರಲ್ಲಿ, ಕೊಲಂಬಿಯಾದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ. ಕೂಸುಗಳನ್ನು ಬೆಚ್ಚಗಿಡುವ ಶಾಖಪೆಟ್ಟಿಗೆಗಳು ಸಾಲದೆ ಬಂದಾಗ ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಬರಿ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟರು. ನನ್ನ ಮಗಳಿಗೆ ಅಂಥ ಅಗತ್ಯವೇನೂ ಇರಲಿಲ್ಲ. ಅವಳಿಗೆ ಬೇಕಾದದ್ದು ನನ್ನ ಎದೆ, ನನಗೆ ಬೇಕಾದದ್ದು ನನ್ನ ಎರಡು ಕೈ.

ಮೊದಲ ವಾರ ನಾನು ಕಟ್ಟಿದ್ದೆಲ್ಲ ಸಡಿಲ. ಕೂಸಿಗೆ ನೋವಾದೀತು ಎಂಬ ಭಯ. ಕಟ್ಟಿದ ಹತ್ತು ನಿಮಿಷಕ್ಕೆ ಅವಳು ಹೊಕ್ಕುಳ ಮಟ್ಟಕ್ಕೆ ಜಾರುತ್ತಿದ್ದಳು, ನಾನು ಕೆಳಗಿನಿಂದ ಕೈ ಕೊಡುತ್ತಿದ್ದೆ. ಕೈ ಕೊಡುವುದಾದರೆ ಬಟ್ಟೆ ಯಾಕೆ? ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತ ಮಾವ ಇದನ್ನು ಮೂರು ದಿನ ನೋಡಿದರು. ಅವರು ಯಕ್ಷಗಾನದ ಹವ್ಯಾಸಿ. ನಾಲ್ಕನೆಯ ದಿನ, "ಮುಂಡಾಸನ್ನು ಹೀಗೆ ಕಟ್ಟಿದರೆ ಮೊದಲನೆಯ ಪದಕ್ಕೇ ಮೂಗಿನ ಮೇಲೆ ಬರುತ್ತದೆ" ಎಂದರು. "ಕೊನೆಯಲ್ಲಿ ಎಳೆದರೆ ಬಿಗಿ ಬರುವುದಿಲ್ಲ ತಂಗಿ. ಪ್ರತಿ ಸುತ್ತನ್ನೂ ಆಗಲೇ ಎಳೆದುಕೊಳ್ಳಬೇಕು." ಅವರ ಪ್ರಕಾರ ಉಸಿರು ಬಿಗಿಹಿಡಿದು ಕಟ್ಟಬೇಕಿತ್ತು. ಅಷ್ಟು ಬೇಡ. ನನ್ನ ಅಳತೆ ಇಷ್ಟೇ: ಕಟ್ಟಿದ ಬಟ್ಟೆ ಮೈಗೆ ಬಿಗಿಯಾದ ಬನಿಯನ್ನಿನಂತೆ ಕೂರಬೇಕು, ಅಂಗೈ ತೂರಿಸಿದರೆ ಹೋಗಬೇಕು, ಮುಷ್ಟಿ ಹೋಗಬಾರದು.

ಕಟ್ಟುವ ಕ್ರಮ ಹೀಗೆ. ಬಟ್ಟೆಯ ನಡುಭಾಗವನ್ನು ಎದೆಯ ಮೇಲೆ ಅಡ್ಡ ಹಿಡಿದು, ಎರಡು ತುದಿಗಳನ್ನು ಕಂಕುಳ ಕೆಳಗಿನಿಂದ ಬೆನ್ನಿಗೆ ಒಯ್ದು, ಅಲ್ಲಿ ಒಂದರ ಮೇಲೊಂದು ದಾಟಿಸಿ, ಹೆಗಲ ಮೇಲಿನಿಂದ ಮುಂದಕ್ಕೆ ತರಬೇಕು. ಬೆನ್ನಿನಲ್ಲಿ ಬಟ್ಟೆ ಹಗ್ಗದಂತೆ ಹೊಸೆದುಕೊಳ್ಳಬಾರದು, ಹೆಗಲಿನಲ್ಲಿ ಕತ್ತಿನ ಬುಡಕ್ಕೆ ಗುಡ್ಡೆಯಾಗಬಾರದು. ಅಗಲವಾಗಿ ಹರಡಿದರೆ ಮಾತ್ರ ಸಂಜೆ ಹೆಗಲು ನೋಯುವುದಿಲ್ಲ. ಮುಂದೆ ಬಂದ ಎರಡೂ ತುದಿಗಳನ್ನು ಎದೆಯ ಅಡ್ಡಪಟ್ಟಿಯ ಒಳಗಿನಿಂದ ಕೆಳಕ್ಕೆ ತೂರಿಸಿ, ಅಲ್ಲಿ ಮತ್ತೊಮ್ಮೆ ದಾಟಿಸಿ, ಸೊಂಟ ಬಳಸಿ ಗಂಟು ಹಾಕಿದರೆ ಕಟ್ಟು ಮುಗಿಯಿತು. ಎದೆಯ ಮೇಲೆ ಈಗ ಎರಡು ಓರೆಪಟ್ಟಿ, ಒಂದು ಅಡ್ಡಪಟ್ಟಿ. ಈ ಮೂರರಲ್ಲಿ ಒಂದನ್ನೂ ಬಿಡುವಂತಿಲ್ಲ. ಹಿಗ್ಗುವ ಬಟ್ಟೆಯ ಒಂದೇ ಪದರವನ್ನು ನಂಬಬಾರದು.

ಮಗುವನ್ನು ಹಾಕುವಾಗ ಮೊದಲು ತೇಗು ಬರಿಸುವಂತೆ ಹೆಗಲ ಮೇಲೆ ಎತ್ತರಕ್ಕೆ ಹಾಕಿಕೊಳ್ಳುತ್ತೇನೆ. ಒಂದು ಕೈ ಅವಳ ಬೆನ್ನಿನ ಮೇಲೆ, ಅದು ಕೊನೆಯವರೆಗೂ ಅಲ್ಲಿಂದ ಕದಲುವುದಿಲ್ಲ. ಇನ್ನೊಂದು ಕೈಯನ್ನು ಮೈಗೆ ಹತ್ತಿರವಿರುವ ಓರೆಪಟ್ಟಿಯೊಳಗೆ ಕೆಳಗಿನಿಂದ ತೂರಿಸಿ ಅವಳ ಒಂದು ಪಾದವನ್ನು ಹಿಡಿದು ಮೆಲ್ಲಗೆ ಹೊರಗೆಳೆಯುತ್ತೇನೆ. ಆ ಪಟ್ಟಿಯನ್ನು ಅವಳ ಕುಂಡೆಯ ಮೇಲೆ ಹರಡಿ, ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದು ಮಂಡಿಯ ಹಿಂಬದಿವರೆಗೆ ಬರುವಂತೆ ಬಿಡಿಸುತ್ತೇನೆ. ಹೊರಗಿನ ಪಟ್ಟಿಗೂ ಇನ್ನೊಂದು ಪಾದಕ್ಕೂ ಹೀಗೆಯೇ. ಆಗ ಅವಳು ಕಪ್ಪೆ ಕುಳಿತ ಹಾಗೆ ಕೂರುತ್ತಾಳೆ: ಮಂಡಿ ಮೇಲೆ, ಕುಂಡೆ ಕೆಳಗೆ, ಬೆನ್ನು ತುಸು ಬಾಗಿ. ಕಾಲು ನೇರವಾಗಿ ಜೋತುಬಿದ್ದರೆ ಎಳೆಯ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಕೊನೆಗೆ ಅಡ್ಡಪಟ್ಟಿಯನ್ನು ಅವಳ ಕಾಲ ಮೇಲಿನಿಂದ ಎಳೆದು ಬೆನ್ನು ಪೂರ್ತಿ ಮುಚ್ಚಿ ಕತ್ತಿನವರೆಗೆ ತರುತ್ತೇನೆ. ಪಾದಗಳು ಹೊರಗೇ ಇರುತ್ತವೆ. ಈ ಕೊನೆಯ ಎಳೆತಕ್ಕೆ ಅವಳು ಒಂದು ನಿಟ್ಟುಸಿರು ಬಿಡುತ್ತಿದ್ದಳು, ಕೆಲಸ ಮುಗಿಸಿ ಕುಳಿತ ಮುದುಕಿಯಂತೆ. ಅದು ಕೇಳಿಸಿದರೆ ಇನ್ನು ಐದು ನಿಮಿಷದಲ್ಲಿ ನಿದ್ದೆ ಎಂದೇ ಲೆಕ್ಕ.

ಆಮೇಲೆ ನೋಡಿಕೊಳ್ಳುವುದು ಇಷ್ಟು. ತಲೆ ಬಗ್ಗಿಸಿದರೆ ಅವಳ ನೆತ್ತಿಗೆ ಮುತ್ತು ಕೊಡಲು ಸಿಗಬೇಕು. ಮುಖ ಕಾಣುತ್ತಿರಬೇಕು, ಮೂಗಿನ ಮೇಲೆ ಬಟ್ಟೆ ಬರಬಾರದು. ಅವಳ ಗದ್ದಕ್ಕೂ ಅವಳ ಎದೆಗೂ ನಡುವೆ ಎರಡು ಬೆರಳು ಹೋಗಬೇಕು.

ಈ ಎರಡು ಬೆರಳಿನ ಬೆಲೆ ನನಗೆ ತಿಳಿದದ್ದು ಇನ್ನೊಂದು ಬಗೆಯ ಕಟ್ಟಿನಿಂದ. ಚೀಟಿಯಲ್ಲಿ ಮಗುವನ್ನು ತೊಟ್ಟಿಲಿನಲ್ಲಿದ್ದಂತೆ ಅಡ್ಡ ಮಲಗಿಸಿಕೊಂಡ ಚಿತ್ರವೊಂದಿತ್ತು, ನೋಡಲು ಬಹಳ ಚೆಂದ. ಹಾಲು ಕುಡಿಸಿದ ಮೇಲೆ ಹಾಗೆಯೇ ಮಲಗಲಿ ಎಂದು ಒಂದು ಮಧ್ಯಾಹ್ನ ಅಡ್ಡ ಹಾಕಿಕೊಂಡು ಕಿಟಕಿಯ ಬಳಿ ನಿಂತೆ. ಹೊರಗೆ ಆಶ್ಲೇಷ ಮಳೆಯ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಸುಮ್ಮನೆ ಬಟ್ಟೆ ಸರಿಸಿ ನೋಡಿದರೆ ತಲೆ ಮುಂದಕ್ಕೆ ಮಡಚಿ ಗದ್ದ ಅವಳ ಎದೆಗೇ ಅಂಟಿತ್ತು. ಮೂಗಿನಲ್ಲಿ ಸಣ್ಣಗೆ ಗೊರಗೊರ. ಎತ್ತಿ ನೆಟ್ಟಗೆ ಮಾಡಿದೆ, ಸದ್ದು ನಿಂತಿತು. ಆಗಿದ್ದು ಅಷ್ಟೇ, ನನ್ನ ಕೈ ಮಾತ್ರ ಸಂಜೆಯವರೆಗೂ ನಡುಗುತ್ತಿತ್ತು. ಎಳೆ ಕೂಸಿಗೆ ಕತ್ತಿನಲ್ಲಿ ಬಲವಿಲ್ಲ, ಉಸಿರಿನ ಕೊಳವೆ ಮೆತ್ತಗಿರುತ್ತದೆ. ಗದ್ದ ಕುಸಿದರೆ ದಾರಿ ಕಿರಿದಾಗುತ್ತದೆ, ಅಳಲೂ ಆಗುವುದಿಲ್ಲ. ಆ ಚಿತ್ರವನ್ನು ಹರಿದು ಬಚ್ಚಲೊಲೆಗೆ ಹಾಕಿದೆ. ಅಡ್ಡ ಮಲಗಿಸುವ ಕಟ್ಟನ್ನು ಯಾರು ಕೇಳಿದರೂ ಬೇಡವೆನ್ನುತ್ತೇನೆ. ಹಾಲು ಕುಡಿಸುವಾಗಲೂ ನೆಟ್ಟಗೇ ಇರಿಸಿ, ಗಂಟು ಸಡಿಲಿಸಿ, ತುಸು ಕೆಳಗಿಳಿಸಿ ಕುಡಿಸಿ, ಮುಗಿದ ಕೂಡಲೇ ಮೊದಲಿನ ಎತ್ತರಕ್ಕೆ ಏರಿಸಿ ಬಿಗಿದುಕೊಳ್ಳಬೇಕು.

ಚೀಟಿ ಬರೆದವರಿಗೆ ಮಲೆನಾಡು ಗೊತ್ತಿರಲಿಲ್ಲ. ಕಟ್ಟುವಾಗ ಎರಡೂ ತುದಿ ನೆಲಕ್ಕೆ ತಾಗುತ್ತವೆ. ಮಳೆಗಾಲದಲ್ಲಿ ನಮ್ಮ ಜಗಲಿಯ ನೆಲ ಎಂದರೆ ಅರ್ಧ ಅಂಗಳ. ಒಮ್ಮೆ ತುದಿಗೆ ಇಂಬಳವೊಂದು (ಜಿಗಣೆ) ಹತ್ತಿಕೊಂಡು ಸೊಂಟದ ಗಂಟಿನವರೆಗೆ ಬಂದಿತ್ತು. ಅಂದಿನಿಂದ ಮಂಚದ ಮೇಲೆ ನಿಂತು ಕಟ್ಟಿಕೊಳ್ಳುವುದನ್ನು ರೂಢಿಸಿಕೊಂಡೆ, ಮಗು ಇನ್ನೂ ಹಾಸಿಗೆಯಲ್ಲಿರುವಾಗ. ನಾನು ಕುಳ್ಳಿ, ತುದಿ ಬಹಳ ಉಳಿಯುತ್ತದೆ. ಹಿಂದೆ ಗಂಟು ಹಾಕದೆ ಇನ್ನೊಂದು ಸುತ್ತು ಮುಂದೆ ತಂದು ಅವಳ ಕುಂಡೆಯ ಕೆಳಗೆ ಕಟ್ಟಿದರೆ ಜೋತಾಡುವ ಬಾಲವೂ ಇಲ್ಲ, ಆಸರೆಯೂ ಹೆಚ್ಚು.

ಒಣಗಿಸುವುದು ಇನ್ನೊಂದು ಕಥೆ. ಒದ್ದೆ ಬನಿಯನ್ ಬಟ್ಟೆಯನ್ನು ಒಂದು ತುದಿಯಿಂದ ಜೋತುಹಾಕಿದರೆ ತನ್ನ ಭಾರಕ್ಕೇ ಉದ್ದವಾಗುತ್ತದೆ. ಬಚ್ಚಲು ಮನೆಯಲ್ಲಿ ಎರಡು ಹಗ್ಗ ಕಟ್ಟಿ, ಮಡಿಕೆ ಮಡಿಕೆಯಾಗಿ ಹರಡಬೇಕು, ಒಲೆಗೆ ತೀರಾ ಹತ್ತಿರವಲ್ಲದಂತೆ. ಬಿಸಿಗೆ ಅದರ ಎಲಾಸ್ಟಿಕ್ ಸತ್ತುಹೋಗುತ್ತದೆ. ಎರಡು ದಿನ, ಕೆಲವೊಮ್ಮೆ ಮೂರು ದಿನ. ಹೊಗೆಯ ವಾಸನೆ ಹೋಗುವುದೇ ಇಲ್ಲ. ಮಗಳಿಗೆ ಮಾತ್ರ ಆ ವಾಸನೆಯೇ ಒಗ್ಗಿತ್ತು.

ಗಂಡ ಕಟ್ಟಿಕೊಂಡದ್ದು ಮೂರನೆಯ ತಿಂಗಳಿನಲ್ಲಿ, ಸಂಜೆಯ ಅಳು ಜೋರಾಗಿದ್ದಾಗ. ಅವರು ಉದ್ದ, ಬಟ್ಟೆ ಅವರಿಗೆ ಸರಿಯಾಗಿ ಹಿಂದೆ ಗಂಟಿಗೆ ಬಂತು. ಮೊದಲ ಸಲಕ್ಕೇ ನನಗಿಂತ ಚೆನ್ನಾಗಿ ಕಟ್ಟಿದರು ಎಂಬುದನ್ನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ.

ಅಡಿಕೆ ಕೊಯ್ಲಿನ ಹೊತ್ತಿಗೆ ಮಗಳಿಗೆ ಐದು ತಿಂಗಳು, ಏಳು ಕಿಲೋ. ಕತ್ತು ಗಟ್ಟಿಯಾಗಿತ್ತು, ಮುಖ ನನ್ನ ಎದೆಯಲ್ಲಿರುವುದು ಅವಳಿಗೆ ಬೇಡವಾಗಿತ್ತು, ಅಂಗಳದಲ್ಲಿ ನಡೆಯುವುದೆಲ್ಲ ಕಾಣಬೇಕಿತ್ತು. ಮುಖ ಹೊರಗೆ ಮಾಡಿ ಕೂರಿಸಿಲ್ಲ. ಈ ಬಟ್ಟೆಯಲ್ಲಿ ಹಾಗೆ ಕೂರಿಸಿದರೆ ಕಾಲು ಜೋತುಬೀಳುತ್ತದೆ, ಮಗು ಮುಂದಕ್ಕೆ ವಾಲುತ್ತದೆ. ಬದಲಿಗೆ ಅದೇ ಕಟ್ಟಿನಲ್ಲಿ ಓರೆಪಟ್ಟಿಗಳು ದಾಟುವ ಜಾಗವನ್ನು ಬಲ ಸೊಂಟದ ಕಡೆಗೆ ಸರಿಸಿ, ಕಂಕುಳಲ್ಲಿ ಎತ್ತಿಕೊಂಡ ಹಾಗೆ ಕೂರಿಸಿದೆ. ಕೆಲಸಕ್ಕೆ ಬಂತು, ಆದರೆ ಒಂದೇ ಹೆಗಲಿಗೆ ಭಾರ. ಅರ್ಧ ಗಂಟೆಗಿಂತ ಹೆಚ್ಚು ನನ್ನಿಂದ ಆಗಲಿಲ್ಲ. "ಬೆನ್ನಿಗೆ ಕಟ್ಟಿಕೊಂಡರೆ ಆಗದೇ?" ಎಂದು ಅತ್ತೆ ಕೇಳಿದರು. ಹಿಗ್ಗುವ ಬಟ್ಟೆಯಲ್ಲಿ ಆಗದು. ಮಗು ಹಿಂದಕ್ಕೆ ಸೆಟೆದರೆ ಬಟ್ಟೆಯೂ ಅದರ ಜೊತೆ ಹಿಗ್ಗುತ್ತದೆ, ನಮಗೆ ಕಾಣುವುದೂ ಇಲ್ಲ.

ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಮುಂದೆ ಮಗುವನ್ನು ಕಟ್ಟಿಕೊಂಡು ಕೂರಲು ಅತ್ತೆ ಬಿಡಲಿಲ್ಲ. ಬೇಯಿಸುವ ಹಂಡೆಯ ಹತ್ತಿರಕ್ಕೆ ನಾನೇ ಹೋಗಲಿಲ್ಲ. ಅಡುಗೆ ಒಲೆ, ಸ್ಕೂಟರ್, ಕಾರು, ಇವಕ್ಕೂ ಅದೇ ಮಾತು. ತೋಟದಾಚೆಗಿನ ಕಾಡಿನ ಅಂಚಿಗೆ ಹೋಗುವುದೂ ಚಳಿಗಾಲ ಹಿಡಿದ ಮೇಲೆ ನಿಂತಿತು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ (ಉಣ್ಣೆಹುಳು) ಬರುವಂಥದ್ದು. ಒಣಗಿದ ತರಗೆಲೆಯ ಮೇಲೆ ಬಟ್ಟೆಯ ತುದಿ ಎಳೆದುಕೊಂಡು ಓಡಾಡುವ ಹುಚ್ಚುತನ ಬೇಡವೆಂದು ಗಂಡ ಹೇಳಿದರು, ನಾನು ವಾದಿಸಲಿಲ್ಲ. ಹಾಗಾಗಿ ನನ್ನ ಓಡಾಟವೆಲ್ಲ ಜಗಲಿಯಿಂದ ಚಪ್ಪರದ ಕೆಳಗಿನವರೆಗೆ. ಅಷ್ಟರಲ್ಲೇ ಒಂದು ತುದಿಗೆ ಚೊಗರು, ಅಂದರೆ ಅಡಿಕೆ ಬೇಯಿಸಿದ ರಸ, ತಾಗಿತು. ಅಡಿಕೆಯ ಚೊಗರು ಹಿಡಿದ ಬಟ್ಟೆ ಒಗೆದರೆ ಬಿಡುತ್ತದೆಯೇ?

ಎಂಟು ಕಿಲೋ ದಾಟಿದ ಮೇಲೆ ಎಷ್ಟು ಬಿಗಿದರೂ ನಡೆದಂತೆ ನಡೆದಂತೆ ಕುಸಿಯತೊಡಗಿದಳು. ಚೀಟಿಯಲ್ಲಿ ಇನ್ನೂ ಹೆಚ್ಚಿನ ತೂಕ ಬರೆದಿತ್ತು. ಬಟ್ಟೆ ಹರಿಯದಿರಬಹುದು, ನನ್ನ ಬೆನ್ನು ಒಪ್ಪಲಿಲ್ಲ. ಒಗೆದು ಮಡಚಿ, ಪುಣೆಯಲ್ಲಿರುವ ನಾದಿನಿಗೆ ಕಳುಹಿಸಿದೆ. ಅವಳು ಈಗ ಏಳು ತಿಂಗಳ ಬಸುರಿ.

ಮೊನ್ನೆ ಫೋನ್ ಮಾಡಿದ್ದಳು. "ಅತ್ತಿಗೆ, ಅಭ್ಯಾಸಕ್ಕೆ ಕುಂಬಳಕಾಯಿಯ ಬದಲು ಅಕ್ಕಿ ಆಗುತ್ತದೆಯೇ?" ಅಕ್ಕಿಯೇ ಒಳ್ಳೆಯದು ಎಂದೆ. ಕುಂಬಳಕಾಯಿ ಗಟ್ಟಿ, ಹೇಗೆ ಕಟ್ಟಿದರೂ ನೆಟ್ಟಗೆ ನಿಂತು ನಮ್ಮನ್ನು ಮೋಸಗೊಳಿಸುತ್ತದೆ. ಅಕ್ಕಿಯ ಚೀಲ ಕೂಸಿನಂತೆಯೇ ಎಲ್ಲಿ ಸಡಿಲವೋ ಅಲ್ಲಿಗೆ ಕುಸಿಯುತ್ತದೆ. ನಾಲ್ಕು ಕಿಲೋ ಹಾಕು, ಬಾಯಿ ಭದ್ರವಾಗಿ ಕಟ್ಟು, ಕೆಳಗಿನ ಎರಡು ಮೂಲೆಗೆ ದಾರ ಸುತ್ತಿ ಕಾಲು ಮಾಡಿಕೋ, ಮಂಚದ ಪಕ್ಕದಲ್ಲೇ ನಿಂತುಕೋ ಎಂದೆ. ಫೋನ್ ಇಡುವ ಮುಂಚೆ ಅತ್ತೆ ಹಿಂದಿನಿಂದ ಕೂಗಿದರು: "ಆ ಅಕ್ಕಿಯನ್ನು ಆಮೇಲೆ ಅನ್ನಕ್ಕೆ ಹಾಕಬೇಡ ಎನ್ನು!"