ಗೀತೆಯಲ್ಲಿ ಬೇಸಾಯ ಹುಡುಕಿದ ಕಥೆ

ಗೀತೆಯ ಎರಡನೇ ಅಧ್ಯಾಯದಲ್ಲಿ ಕೃಷ್ಣ ಬೇಸಾಯದ ಮಾತಾಡುತ್ತಾನೆ ಎಂದು ನಾನು ಬಹಳ ವರ್ಷ ನಂಬಿದ್ದೆ. ನಗಬೇಡಿ. 41ನೇ ಶ್ಲೋಕ ನೋಡಿ: "ವ್ಯವಸಾಯಾತ್ಮಿಕಾ ಬುದ್ಧಿರೇಕೇಹ ಕುರುನಂದನ". ವ್ಯವಸಾಯ ಅಂದರೇನು ಅಂತ ಯಾವ ಕನ್ನಡಿಗರನ್ನು ಬೇಕಾದರೂ ಕೇಳಿ. ಹೊಲ, ಗದ್ದೆ, ಉಳುಮೆ ಅಂತಲೇ ಹೇಳುತ್ತಾರೆ. ಮುಂದಿನ ಸಾಲಿನಲ್ಲಿ "ಬಹುಶಾಖಾಃ" ಬೇರೆ ಇದೆ, ತುಂಬಾ ಕೊಂಬೆಗಳಿರುವಂಥದ್ದು. ನನ್ನ ತಲೆಯಲ್ಲಿ ಚಿತ್ರ ಪೂರ್ತಿಯಾಗಿತ್ತು. ಉಳುವವನ ಬುದ್ಧಿ ಒಂದೇ ಕಡೆ ನಿಂತಿರುತ್ತದೆ, ಉಳಿದವರದು ಕೊಂಬೆ ಕೊಂಬೆಯಾಗಿ ಹರಡಿಕೊಳ್ಳುತ್ತದೆ. ಚೆನ್ನಾಗಿಯೇ ಇದೆ ಅಲ್ವಾ? ಆದರೆ ತಪ್ಪು.

ಆ ಅಧ್ಯಾಯ ನನಗೆ ಬಾಯಿಪಾಠ. ಅದರಲ್ಲಿ 72 ಶ್ಲೋಕಗಳಿವೆ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಹೇಳುತ್ತಿದ್ದರು, ನಾನು ಹಿಂದೆ ಹೇಳುತ್ತಿದ್ದೆ. ಅರ್ಥ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಅಣ್ಣನ ಮಗಳು ತತ್ಸಮ–ತದ್ಭವ ಪಟ್ಟಿ ಉರು ಹೊಡೆಯುತ್ತಿದ್ದಳು. ಯಾತ್ರೆ–ಜಾತ್ರೆ, ಸಂಧ್ಯಾ–ಸಂಜೆ, ವರ್ಣ–ಬಣ್ಣ, ವ್ಯವಸಾಯ–ಬೇಸಾಯ. "ಇದು ಗೀತೆಯಲ್ಲೂ ಇದೆ ಪುಟ್ಟಿ" ಅಂತ ದೊಡ್ಡದಾಗಿ ಹೇಳಿಬಿಟ್ಟೆ. "ಗೀತೆಯಲ್ಲಿ ಬೇಸಾಯ ಯಾಕೆ ಬರುತ್ತೆ ಅತ್ತೆ?" ಅಂದಳು. ಉತ್ತರ ಹೊಳೆಯಲಿಲ್ಲ. ಪುಸ್ತಕ ತೆಗೆದು ನೋಡಿದೆ. ಶಂಕರಾಚಾರ್ಯರ ಭಾಷ್ಯದಲ್ಲಿ ಆ ಪದಕ್ಕೆ "ನಿಶ್ಚಯಸ್ವಭಾವಾ" ಎಂದಿದೆ. ನಿಶ್ಚಯ, ಅಂದರೆ ಗಟ್ಟಿ ತೀರ್ಮಾನ. ಹೊಲವೂ ಇಲ್ಲ, ಗದ್ದೆಯೂ ಇಲ್ಲ.

ಆವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ. ನಾನು ಸಂಸ್ಕೃತ ಕಲಿತದ್ದು ಆ ನೋಟ್‌ಬುಕ್ಕಿನಿಂದಲೇ. ಅದಕ್ಕೇ ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಪುಟದ ಮಧ್ಯೆ ಒಂದು ಗೆರೆ. ಎಡಗಡೆ, ಪದಕ್ಕೆ ನನಗೆ ಗೊತ್ತಿರುವ ಕನ್ನಡದ ಅರ್ಥ. ಬಲಗಡೆ, ಶ್ಲೋಕದಲ್ಲಿ ಅದಕ್ಕಿರುವ ಅರ್ಥ. ಒಂದೇ ನಿಯಮ ಏನೆಂದರೆ, ಎಡಗಡೆ ತುಂಬದೆ ನಿಘಂಟು ತೆರೆಯುವ ಹಾಗಿಲ್ಲ. ಇದು ಯಾಕೆ ಮುಖ್ಯ ಅಂತ ನಿಧಾನವಾಗಿ ಗೊತ್ತಾಯಿತು. ಗೊತ್ತಿಲ್ಲದ ಪದ ಮೋಸ ಮಾಡುವುದಿಲ್ಲ. "ಕ್ಲೈಬ್ಯ" ಅಂತ ಬಂದರೆ ನೀವೇ ಹೋಗಿ ಹುಡುಕುತ್ತೀರಿ. ಮೋಸ ಮಾಡುವುದು ಗೊತ್ತಿರುವ ಪದ. ಅದು ದಿನಾ ಮನೆಗೆ ಬಂದು ಹೋಗುವವರ ಹಾಗೆ. ನಿಲ್ಲಿಸಿ ಯಾರು ಅಂತ ಕೇಳುವವರೇ ಇಲ್ಲ.

ದಿನಕ್ಕೆ ಒಂದೇ ಶ್ಲೋಕ. ಹಬ್ಬ, ಜ್ವರ, ನೆಂಟರು ಎಲ್ಲ ಕಳೆದು 72 ಶ್ಲೋಕಕ್ಕೆ ಐದು ತಿಂಗಳು ಹಿಡಿಯಿತು.

ಮೊದಲು ಒಂದು ಗೊಂದಲ ಇತ್ತು, ದೇವನಾಗರಿ ಕಲಿಯಲೇಬೇಕಾ ಅಂತ. ಕೆಲವರು ಕಲಿಯದಿದ್ದರೆ ಸಂಸ್ಕೃತವೇ ಅಲ್ಲ ಎನ್ನುವ ಹಾಗೆ ಮಾತಾಡಿದರು. ನಾನು ಒಪ್ಪಲಿಲ್ಲ. ಅಜ್ಜಿಯ ಪುಸ್ತಕ ಕನ್ನಡ ಲಿಪಿಯಲ್ಲೇ ಇತ್ತು. ನಮ್ಮ ಕಡೆಯ ಹಳೆಯ ಓಲೆಗರಿಗಳಲ್ಲಿ ಸಂಸ್ಕೃತವನ್ನು ಕನ್ನಡದಲ್ಲಿ, ನಂದಿನಾಗರಿಯಲ್ಲಿ, ತಿಗಳಾರಿಯಲ್ಲಿ, ಗ್ರಂಥ ಲಿಪಿಯಲ್ಲಿ ಬರೆದಿದ್ದಾರೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯೂ ಗ್ರಂಥ ಲಿಪಿಯದ್ದೇ. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಮೇಲೆಯೇ ಜಗತ್ತಿಗೆ ಆ ಪುಸ್ತಕ ಮತ್ತೆ ಸಿಕ್ಕಿದ್ದು. ಹಾಗಾಗಿ ಲಿಪಿಯ ಚಿಂತೆ ಬಿಟ್ಟೆ. ದೇವನಾಗರಿ ಆಮೇಲೆ ಬೇಕಾಯಿತು, ನಿಘಂಟು ನೋಡುವುದಕ್ಕೆ. ಆಗ ಹದಿನೈದು ದಿನದಲ್ಲಿ ಬಂತು.

ಇನ್ನು ಸಂಧಿ. ಹತ್ತನೇ ಕ್ಲಾಸಿನ ತನಕ ಕನ್ನಡ ಓದಿದವರಿಗೆ ಅರ್ಧ ಕೆಲಸ ಆಗಿಹೋಗಿರುತ್ತದೆ. ಸವರ್ಣದೀರ್ಘ, ಗುಣ, ವೃದ್ಧಿ, ಯಣ್, ಜಶ್ತ್ವ, ಶ್ಚುತ್ವ, ಅನುನಾಸಿಕ. ಪರೀಕ್ಷೆಗೆ ಅಂತ ಬೈದುಕೊಂಡು ಕಲಿತದ್ದು ಇಲ್ಲಿ ಕೈಹಿಡಿಯಿತು. ನನ್ನ ಪಟ್ಟಿಯಲ್ಲಿ ಇರದಿದ್ದದ್ದು ವಿಸರ್ಗ ಸಂಧಿ, ಎಡವಿದ್ದೂ ಅಲ್ಲೇ. ಎಲ್ಲರಿಗೂ ಗೊತ್ತಿರುವ ಸಾಲನ್ನೇ ತೆಗೆದುಕೊಳ್ಳಿ. "ಕರ್ಮಣ್ಯೇವಾಧಿಕಾರಸ್ತೇ". ನಾನು ಇದನ್ನು "ಕರ್ಮಣ್ಯೇ... ವಾಧಿಕಾರಸ್ತೇ" ಅಂತ ಮಧ್ಯೆ ಉಸಿರು ತೆಗೆದುಕೊಂಡು ಹೇಳುತ್ತಿದ್ದೆ. ನೀವೂ ಹಾಗೇ ಹೇಳುತ್ತಿರಬಹುದು. ಬಿಡಿಸಿದರೆ ಕರ್ಮಣಿ, ಏವ, ಅಧಿಕಾರಃ, ತೇ. ಒಂದು ಯಣ್, ಒಂದು ಸವರ್ಣದೀರ್ಘ, ಕೊನೆಗೆ ವಿಸರ್ಗ ಹೋಗಿ ಸಕಾರ. "ವಾಧಿಕಾರ" ಅನ್ನುವ ಪದವೇ ಇಲ್ಲ! ನಲವತ್ತು ವರ್ಷ ಇಲ್ಲದ ಪದವನ್ನು ಭಕ್ತಿಯಿಂದ ಹೇಳಿದ್ದೇನೆ.

ಪದ ಬಿಡಿಸಿದ ಮೇಲೆ ಅನ್ವಯ, ಅಂದರೆ ಪದಗಳನ್ನು ವಾಕ್ಯದ ಕ್ರಮಕ್ಕೆ ತರುವುದು. ಮೊದಲು ಕ್ರಿಯಾಪದ ಹುಡುಕುತ್ತೇನೆ, ಆಮೇಲೆ ಯಾರು, ಯಾರನ್ನು, ಯಾವುದರಿಂದ. ಇದಕ್ಕೂ ಶಾಲೆಯ ವಿಭಕ್ತಿಗಳೇ ಸಾಕು. ಮತ್ತೆ ಕನ್ನಡದ ವಾಕ್ಯದ ಹಾಗೆ ಜೋಡಿಸಿದರೆ ಎಷ್ಟೋ ಸಲ ಹಾಗೇ ಕೂತುಬಿಡುತ್ತದೆ. ಹಳೆಯ ಅಚ್ಚಿನ ಪುಸ್ತಕ ಆದರೆ ಒಂದು ವಿಷಯ ಗಮನಿಸಿ. "ಸಂಗೋಽಸ್ತ್ವಕರ್ಮಣಿ" ಥರದ ಕಡೆ ಅವಗ್ರಹ ಚಿಹ್ನೆ (ಽ) ಬಿಟ್ಟುಹೋಗಿರುತ್ತದೆ. ಆಗ ನುಂಗಿಹೋದ ಅಕಾರ ಕಾಣುವುದೇ ಇಲ್ಲ.

ನೋಟ್‌ಬುಕ್ಕಿಗೆ ವಾಪಸ್ ಬರೋಣ. ಎರಡನೇ ಅಧ್ಯಾಯ ಒಂದರಲ್ಲೇ ಎಡಗಡೆ ಎಷ್ಟು ಪೆಟ್ಟು ತಿಂದಿದೆ ಅಂದರೆ! ಅಧಿಕಾರ: ನಾನು ಬರೆದದ್ದು ಕುರ್ಚಿ, ದರ್ಪ. ಅಲ್ಲಿ ಇರುವುದು ಹಕ್ಕು, ಅರ್ಹತೆ. ವಿಷಯ: ಅರ್ಜಿಯಲ್ಲಿ "ಮಾನ್ಯರೇ" ಕೆಳಗೆ ಬರೆಯುತ್ತೇವಲ್ಲ, ಅದು ನನ್ನ ವಿಷಯ. ಅಲ್ಲಿ ಅದು ಕಣ್ಣು, ಕಿವಿ, ನಾಲಿಗೆ ಬೆನ್ನಟ್ಟಿ ಹೋಗುವ ವಸ್ತು. ಸಂಗ: ಸಹವಾಸ ಅಂದುಕೊಂಡಿದ್ದೆ, ಅಲ್ಲಿ ಅಂಟು. ಅರ್ಜುನ "ಸ್ಥಿತಪ್ರಜ್ಞಸ್ಯ ಕಾ ಭಾಷಾ" ಎಂದು ಕೇಳುತ್ತಾನೆ. ಸ್ಥಿತಪ್ರಜ್ಞ ಯಾವ ಭಾಷೆ ಮಾತಾಡುತ್ತಾನೆ ಅಂತ ಅಲ್ಲ, ಅಂಥವನನ್ನು ಹೇಗೆ ಬಣ್ಣಿಸುತ್ತಾರೆ ಅಂತ. ಕನ್ನಡದಲ್ಲಿ ಭಾಷೆ ಅಂದರೆ ಕೊಟ್ಟ ಮಾತು ಕೂಡ, ಅದು ಇನ್ನೊಂದು ದಾರಿ.

ರಾಮಾಯಣದ "ಮಾ ನಿಷಾದ" ಶ್ಲೋಕ ನೋಡಿದಾಗಲಂತೂ ಎರಡು ಸಲ ಬಿದ್ದೆ. "ಪ್ರತಿಷ್ಠಾಂ ತ್ವಮಗಮಃ ಶಾಶ್ವತೀಃ ಸಮಾಃ". ಪ್ರತಿಷ್ಠೆ ಅಂದರೆ ದೊಡ್ಡಸ್ತಿಕೆ ಅಂತ ಎಡಗಡೆ ಬರೆದೆ, ಸಮ ಅಂದರೆ ಸರಿಸಮ ಅಂತ ಬರೆದೆ. ಪ್ರತಿಷ್ಠೆ ಇಲ್ಲಿ ನಿಲ್ಲುವ ನೆಲೆ. ಸಮಾಃ ಅಂದರೆ ವರ್ಷಗಳು. ಬೇಡನೇ, ನಿನಗೆ ಎಷ್ಟೇ ವರ್ಷವಾದರೂ ನೆಲೆ ಸಿಗದಿರಲಿ. ಈಶಾವಾಸ್ಯ ಉಪನಿಷತ್ತಿನ ಎರಡನೇ ಮಂತ್ರದ "ಶತಂ ಸಮಾಃ" ಕೂಡ ಇದೇ, ನೂರು ವರ್ಷ. ಹೊಸದಾಗಿ ಶುರು ಮಾಡುವವರಿಗೆ ನಾನು ಈಶಾವಾಸ್ಯವನ್ನೇ ಹೇಳುತ್ತೇನೆ. ಹದಿನೆಂಟೇ ಮಂತ್ರ. ಸುಲಭ ಅಂತಲ್ಲ, ಮುಗಿಯುತ್ತದೆ ಅಂತ.

ಒಂದು ಅವಮಾನವನ್ನೂ ಹೇಳಿಬಿಡುತ್ತೇನೆ. ನಾವು ಏಳೆಂಟು ಜನ ವಾರಕ್ಕೊಮ್ಮೆ ಸೇರಿ ಓದುತ್ತೇವೆ. ಸ್ವಲ್ಪ ಗೊತ್ತಾದ ಹುರುಪು, ಒಂದು ದಿನ ನಾನೇ ಉಪದೇಶಕ್ಕೆ ನಿಂತೆ. "ಗು ಅಂದರೆ ಕತ್ತಲೆ, ರು ಅಂದರೆ ಕಳೆಯುವವನು. ಅದಕ್ಕೇ ಗುರು" ಎಂದೆ. ಎಲ್ಲರೂ ತಲೆದೂಗಿದರು. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು ಮಾತ್ರ ಕೇಳಿದರು.

"ಛಂದಸ್ಸಿನಲ್ಲಿ ಗುರು ಅಂದ್ರೆ ಏನಮ್ಮಾ?"

"ಎರಡು ಮಾತ್ರೆ ಸರ್."

"ಲಘುವಿಗೆ ಎದುರು ಯಾವುದು?"

"ಗುರು."

"ಲಘು ಅಂದ್ರೆ ಹಗುರ. ಹಾಗಾದ್ರೆ ಗುರು?"

ಭಾರ. ಅಷ್ಟೇ. ಏಳನೇ ಕ್ಲಾಸಿನಿಂದ ಪ್ರಸ್ತಾರ ಹಾಕಿದ್ದೇನೆ, ನೆತ್ತಿಯ ಮೇಲೆ ಗೆರೆ ಎಳೆದಿದ್ದೇನೆ. ಹೊಳೆದಿರಲಿಲ್ಲ. ತೂಕ ಇರುವವನು ಗುರು. ಮೇಷ್ಟ್ರು ಇನ್ನೂ ಒಂದು ಮಾತು ಹೇಳಿದರು, ಅದನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಕತ್ತಲೆ ಕಳೆಯುವವನು ಅನ್ನುವುದು ಸುಳ್ಳಲ್ಲ, ಅದು ಧ್ಯಾನಕ್ಕೆ ಬಿಡಿಸಿದ್ದು. ಪದ ಹುಟ್ಟಿದ ಕಥೆ ಬೇರೆ. ಹಿಂದಿನವರು ಎರಡನ್ನೂ ಮಾಡುತ್ತಿದ್ದರು, ನಾವು ಕಲಸಬಾರದು. ಈಗ ಮೊಬೈಲಿಗೆ ಬಂದು ಬೀಳುವ ಪದವಿಗ್ರಹಗಳನ್ನೆಲ್ಲ ನಾನು ಈ ಎರಡು ಡಬ್ಬಿಗಳಲ್ಲಿ ಹಾಕುತ್ತೇನೆ. ಎರಡಕ್ಕೂ ಸೇರದವು ಜಾಸ್ತಿ.

ಎಲ್ಲಕ್ಕಿಂತ ಹೆಚ್ಚು ದಿನ ನನ್ನನ್ನು ಹಿಡಿದಿಟ್ಟದ್ದು 64ನೇ ಶ್ಲೋಕ. ಕೊನೆಯಲ್ಲಿ "ಪ್ರಸಾದಮಧಿಗಚ್ಛತಿ" ಎಂದಿದೆ. ಎಡಗಡೆ ಏನು ಬರೆದೆ ಅಂತ ಹೇಳಬೇಕಾಗಿಲ್ಲ. ಇಂದ್ರಿಯ ಹಿಡಿತದಲ್ಲಿ ಇಟ್ಟುಕೊಂಡರೆ ಪ್ರಸಾದ ಸಿಗುತ್ತದೆ! ಭಾಷ್ಯದಲ್ಲಿ ಇರುವುದು "ಪ್ರಸಾದಃ ಪ್ರಸನ್ನತಾ ಸ್ವಾಸ್ಥ್ಯಮ್". ಕದಡಿದ ನೀರು ತಿಳಿಯಾದಂತೆ ಮನಸ್ಸು ತಿಳಿಯಾಗುವುದು. ದೇವರು ಪ್ರಸನ್ನನಾದ ಗುರುತಿಗೆ ಕೈಗೆ ಬರುವುದೂ ಪ್ರಸಾದವಾಯಿತು. ಪದದ ಒಳಗೆ ಇರುವುದು "ಸದ್" ಎನ್ನುವ ಧಾತು. ಕೂರು, ಕುಸಿ, ನೆಲೆಯಾಗು.

ಸದ್ ಹಿಡಿದುಕೊಂಡು ಹೊರಟೆ. ಸದನ, ಸಂಸತ್ತು, ಪರಿಷತ್ತು. ಎಲ್ಲವೂ ಕೂರುವ ಜಾಗ, ಕೂತ ಜನ. ಸಂಸತ್ತಿಗೆ ಸಕಾರ, ಪರಿಷತ್ತಿಗೆ ಷಕಾರ ಯಾಕೆ ಅನ್ನುವುದೂ ಅಲ್ಲೇ ಬಗೆಹರಿಯಿತು. ಹಿಂದೆ ಇಕಾರ, ಉಕಾರ ಇದ್ದರೆ ಸಕಾರ ಸಾಮಾನ್ಯವಾಗಿ ಷಕಾರವಾಗುತ್ತದೆ. ಪರಿಷತ್, ಅನುಷ್ಠಾನ, ಪ್ರತಿಷ್ಠೆ. ಕಾಗುಣಿತ ತಪ್ಪುವ ಜಾಗಗಳೆಲ್ಲ ಒಂದೇ ಏಟಿಗೆ ಸರಿಹೋದವು. ಉಪನಿಷತ್ತೂ ಅದೇ ಧಾತು, ಗುರುವಿನ ಹತ್ತಿರ ಕೂತು ಕೇಳುವುದು ಅಂತ ಎಲ್ಲ ಕಡೆ ಓದಿದ್ದೆ. ಶಂಕರರು ಕಠೋಪನಿಷತ್ತಿನ ಭಾಷ್ಯದ ಆರಂಭದಲ್ಲಿ ಕೂರುವ ಮಾತೇ ಎತ್ತುವುದಿಲ್ಲ. ಸದ್ ಧಾತುವಿಗೆ ಸಡಿಲಿಸು, ಮುಟ್ಟಿಸು, ಕುಗ್ಗಿಸು ಎಂಬ ಅರ್ಥ ಹಿಡಿದು, ಅಜ್ಞಾನವನ್ನು ಕಳೆದು ಬ್ರಹ್ಮವನ್ನು ಮುಟ್ಟಿಸುವ ವಿದ್ಯೆಯೇ ಉಪನಿಷತ್ತು ಎನ್ನುತ್ತಾರೆ.

ಆಮೇಲೆ ಸಿಕ್ಕಿತು "ವಿಷಾದ". ವಿ, ಸದ್. ಅದೇ ಷಕಾರ. ರಸ್ತೆ ಅಗೆದ ಕಡೆ "ಅಡಚಣೆಗಾಗಿ ವಿಷಾದಿಸುತ್ತೇವೆ" ಅಂತ ಬೋರ್ಡ್ ಇರುತ್ತದಲ್ಲ, ಅದೇ ಪದ. ಗೀತೆಯಲ್ಲಿ ಅದು ಕ್ಷಮೆ ಕೇಳುವುದಲ್ಲ, ಕುಸಿಯುವುದು. ಮೊದಲ ಅಧ್ಯಾಯದ ಹೆಸರೇ ವಿಷಾದಯೋಗ. ಅದರ ಕೊನೆಯ ಶ್ಲೋಕದಲ್ಲಿ ಅರ್ಜುನ ನಿಜವಾಗಿಯೂ ರಥದಲ್ಲಿ ಕೂತುಬಿಡುತ್ತಾನೆ, ಬಿಲ್ಲು ಬಾಣ ಬಿಟ್ಟು. ಎರಡನೇ ಅಧ್ಯಾಯದ ಮೊದಲ ಶ್ಲೋಕ ಅವನನ್ನು "ವಿಷೀದಂತಮ್" ಎನ್ನುತ್ತದೆ, ಕುಸಿಯುತ್ತಿರುವವನು. ಹದಿನೆಂಟನೇ ಅಧ್ಯಾಯದಲ್ಲಿ ಅವನ ಕೊನೆಯ ಮಾತು "ನಷ್ಟೋ ಮೋಹಃ ಸ್ಮೃತಿರ್ಲಬ್ಧಾ ತ್ವತ್ಪ್ರಸಾದಾನ್ಮಯಾಚ್ಯುತ". ವಿಷಾದದಿಂದ ಪ್ರಸಾದಕ್ಕೆ. ಧಾತು ಒಂದೇ, ಅದರ ಹಿಂದಿನ ಉಪಸರ್ಗ ಮಾತ್ರ ಬದಲಾಗಿದೆ. ಇದನ್ನು ಬೇರೆ ಯಾರೋ ಮೊದಲೇ ಗಮನಿಸಿರುತ್ತಾರೆ, ನನಗೆ ಅದರ ಬಗ್ಗೆ ಏನೂ ಇಲ್ಲ. ಆ ರಾತ್ರಿ ನನ್ನ ಪಾಲಿಗೆ ನಾನೇ ಕಂಡುಹಿಡಿದೆ. ಎದ್ದು ಹೋಗಿ ನೀರು ಕುಡಿದು ಬಂದೆ.

ಬಲಗಡೆಯ ಅರ್ಥವೇ ಸರಿ, ಎಡಗಡೆಯದು ಹಾಳಾದದ್ದು ಅಂತ ಆಗ ಒಂದಷ್ಟು ದಿನ ಅನಿಸಿತ್ತು. ಹಾಗಲ್ಲ. ಪ್ರಸಾದ ಕನ್ನಡಕ್ಕೆ ಬಂದು ಸುಮ್ನೆ ಕೂರಲಿಲ್ಲ. ಶರಣರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲದ, ಅಂದರೆ ಸಾಧನೆಯ ಆರು ಮೆಟ್ಟಿಲುಗಳ, ಮೂರನೇ ಮೆಟ್ಟಿಲಲ್ಲಿ ನಿಂತವನು ಪ್ರಸಾದಿ. ಕೈಗೆ ಬಂದದ್ದನ್ನು ಅರ್ಪಿಸಿ ಪಡೆಯುವುದು ಅಂತ ಅವರು ಆ ಪದಕ್ಕೆ ತಮ್ಮದೇ ದಾರಿ ಮಾಡಿದರು. ವ್ಯವಸಾಯವೂ ಹಾಗೆಯೇ. ನಿಶ್ಚಯದಿಂದ ಪ್ರಯತ್ನಕ್ಕೆ, ಪ್ರಯತ್ನದಿಂದ ಕಸುಬಿಗೆ, ಕಸುಬುಗಳಲ್ಲಿ ಒಂದೇ ಒಂದು ಕಸುಬಿಗೆ ಬಂದು ನಿಂತಿದೆ. ಮಳೆ ನೋಡದೆ ಬಿತ್ತನೆಗೆ ಇಳಿಯುವವನಿಗೆ ನಿಶ್ಚಯ ಬೇಡವಾ? ನನ್ನ ಮೊದಲ ತಪ್ಪು ಪೂರ್ತಿ ತಪ್ಪಲ್ಲ ಅಂತ ಸ್ವಲ್ಪ ಸಮಾಧಾನ.

ಹದಿಮೂರನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆ ಒಂದು ಪ್ರಕರಣವೇ ಇದೆ. 1894ರಲ್ಲಿ ಬಂದ ಕಿಟೆಲ್ಲರ ನಿಘಂಟಿನಲ್ಲೂ ಯಾವುದು ತದ್ಭವ ಎಂದು ಗುರುತು ಹಾಕಿದ್ದಾರೆ. ಇವೆರಡನ್ನೂ ಈಗ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೇನೆ. ಸಂಸ್ಕೃತ ಕಲಿಯಲು ಹೊರಟು ಕನ್ನಡದ ನಿಘಂಟು ತಿರುವುವುದೇ ಜಾಸ್ತಿಯಾಗಿದೆ.

ಸದ್ಯಕ್ಕೆ ಮೂರನೇ ಅಧ್ಯಾಯದ 20ನೇ ಶ್ಲೋಕದಲ್ಲಿ ನಿಂತಿದ್ದೇನೆ. "ಲೋಕಸಂಗ್ರಹ". ಎಡಗಡೆ "ಕೂಡಿಡುವುದು" ಅಂತ ಬರೆದಾಗಿದೆ. ಬಲಗಡೆ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ಲೋಕವನ್ನು ಚದುರದಂತೆ ಹಿಡಿಯುವುದು ಅನ್ನಲೇ, ಜನರನ್ನು ದಾರಿಯಲ್ಲಿ ಇರಿಸುವುದು ಅನ್ನಲೇ? ಕಳೆದ ವಾರ ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಖಾಲಿ ಬಿಡಮ್ಮಾ, ಅವಸರ ಏನಿದೆ" ಅಂದರು.

ಮನೆಗೆ ಬಂದು ನಿಘಂಟು ತೆರೆದೆ. ಸಂಸ್ಕೃತದಲ್ಲಿ ಅವಸರ ಅಂದರೆ ಆತುರ ಅಲ್ಲ, ಸರಿಯಾದ ಸಮಯ. ಎಡಗಡೆ ಬರೆಯುವುದನ್ನೇ ಮರೆತಿದ್ದೆ.