ವಿಂಡೋಸ್ 10 ಬಿಟ್ಟು ಲಿನಕ್ಸ್‌ಗೆ ಹೋಗುವುದು ಹೇಗೆ? ಮೊದಲು ಸಾಫ್ಟ್‌ವೇರ್ ಬದಲಿಸಿ, ಕೊನೆಗೆ ಓಎಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹಾಗಂತ ಕಂಪ್ಯೂಟರ್ ಏನೂ ಕೆಟ್ಟು ಕೂತಿಲ್ಲ. ಈಗಲೂ ಆನ್ ಆಗುತ್ತದೆ, ಟೈಪ್ ಮಾಡಬಹುದು, ಯೂಟ್ಯೂಬ್ ನೋಡಬಹುದು. ನಿಂತಿರುವುದು ಸೆಕ್ಯುರಿಟಿ ಅಪ್‌ಡೇಟ್. ಆ ಯಂತ್ರದಲ್ಲೇ ಬ್ಯಾಂಕ್ ವ್ಯವಹಾರ ಮಾಡುವವರು ಇದನ್ನು ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ.

ಅಂಗಡಿಯವರನ್ನು ಕೇಳಿದರೆ ಬರುವ ಉತ್ತರ ಒಂದೇ: ‘ಹೊಸದು ತಗೊಳ್ಳಿ ಸಾರ್’. ಅದು ಬೇಡ ಎಂದು ಲಿನಕ್ಸ್ ಎಂಬ ಉಚಿತ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್) ಹಾಕಿಕೊಂಡವರು ಈಗ ಅಕ್ಕಪಕ್ಕದಲ್ಲೇ ಸಿಗುತ್ತಾರೆ. ಹಾಕಿಕೊಂಡು ಖುಷಿಯಾಗಿರುವವರನ್ನೂ ಮಾತನಾಡಿಸಿದ್ದೇನೆ, ಬೇಸತ್ತು ವಿಂಡೋಸ್‌ಗೇ ಮರಳಿದವರನ್ನೂ ಮಾತನಾಡಿಸಿದ್ದೇನೆ. ಮರಳಿದವರು ಲಿನಕ್ಸ್ ಅನ್ನು ಬೈಯುವುದು ಕಡಿಮೆ. ಅವರ ಕಥೆಯಲ್ಲಿ ಅಡ್ಡ ಬರುವುದು ಯಾವುದೋ ಒಂದು ಸಾಫ್ಟ್‌ವೇರ್, ಒಂದು ಪ್ರಿಂಟರ್, ಇಲ್ಲವೇ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯಲ್ಲಿ ಹತ್ತು ವರ್ಷದ ಹಿಂದೆ ಮಾಡಿದ ಒಂದು ಫೈಲ್. ಅದಕ್ಕೇ ಈ ಲೇಖನದಲ್ಲಿ ಓಎಸ್ ಹಾಕುವ ಹೆಜ್ಜೆ ತಡವಾಗಿ ಬರುತ್ತದೆ. ಆತುರ ಬೇಡ.

ಬದಲಾಯಿಸಲೇಬೇಕಾ ಎಂದು ನೋಡಿಕೊಳ್ಳಿ

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದ್ದು, ಎಎಂಡಿ ಆದರೆ ರೈಜೆನ್ 2000 ಸರಣಿಯದ್ದು ಅಥವಾ ಅದಕ್ಕಿಂತ ಹೊಸದು ಇರಬೇಕು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಓಡಿಸಿದರೆ ಅದೇ ಹೇಳುತ್ತದೆ.

ಇಲ್ಲೊಂದು ವಿಷಯ. ‘ಟಿಪಿಎಂ ಇಲ್ಲ’ ಎಂದು ಬಂದ ತಕ್ಷಣ ಕೈಬಿಡಬೇಡಿ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್) ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಿ. ಅಷ್ಟಕ್ಕೇ ಕೆಲಸ ಮುಗಿದರೆ ಮುಂದಿನದ್ದನ್ನು ಓದುವ ಅಗತ್ಯವೇ ಇಲ್ಲ!

ಇನ್ನೂ ಸ್ವಲ್ಪ ಸಮಯ ಬೇಕು ಅನ್ನುವವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ ಕೊಟ್ಟಿತು, ಅದರ ಗಡುವು 2026ರ ಅಕ್ಟೋಬರ್ 13. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡವರಿಗೆ ಉಚಿತವಾಗಿ ಸೇರುವ ದಾರಿಯನ್ನೂ ಇಟ್ಟಿತ್ತು.

ನಿಮ್ಮ ಕೆಲಸದ ಪಟ್ಟಿ ಬರೆಯಿರಿ

ಒಂದು ವಾರ ಕಂಪ್ಯೂಟರ್‌ನಲ್ಲಿ ಏನೇನು ತೆರೆಯುತ್ತೀರಿ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಪಟ್ಟಿಯಲ್ಲಿ ಪೇಜ್‌ಮೇಕರ್, ಕೋರೆಲ್‌ಡ್ರಾ ಅಥವಾ ಫೋಟೊಶಾಪ್ ಇದ್ದರೆ ವಿಂಡೋಸ್‌ನಲ್ಲೇ ಇರಿ. ಡಿಟಿಪಿ ಅಂಗಡಿಯವರಿಗೆ ನನ್ನ ನೇರ ಸಲಹೆ ಇದು. ಟ್ಯಾಲಿಯೂ ಹಾಗೆಯೇ. ‘ವೈನ್’ ಎಂಬ ಸಾಧನ ಬಳಸಿ ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸಬಹುದು, ನಿಜ. ಆದರೆ ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸಬೇಕಾದವರು ಆ ಸಾಹಸಕ್ಕೆ ಇಳಿಯಬಾರದು. ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಮನೆಯ ಹುಡುಗರು ವ್ಯಾಲೊರಂಟ್ ಆಡುತ್ತಾರಾ? ಅದು ಲಿನಕ್ಸ್‌ನಲ್ಲಿ ಓಡುವುದಿಲ್ಲ.

ಬ್ರೌಸರ್, ಇಮೇಲ್, ವಾಟ್ಸ್‌ಆ್ಯಪ್ ವೆಬ್, ಸಿನಿಮಾ, ಪಿಡಿಎಫ್, ಪತ್ರ ಬರೆಯುವುದು, ಸಾಧಾರಣ ಎಕ್ಸೆಲ್, ಪೈಥಾನ್ ಕಲಿಕೆ: ಪಟ್ಟಿ ಇಷ್ಟೇ ಆದರೆ ಧೈರ್ಯವಾಗಿ ಮುಂದೆ ಹೋಗಬಹುದು. ನಾನು ಕಂಡಂತೆ ಬದಲಾವಣೆಯಿಂದ ಅತಿ ಜಾಸ್ತಿ ಖುಷಿಪಟ್ಟವರು ನಿವೃತ್ತ ಮೇಷ್ಟ್ರುಗಳು. ಅವರಿಗೆ ಬ್ರೌಸರ್ ಮತ್ತು ಕನ್ನಡ ಟೈಪಿಂಗ್ ಸಿಕ್ಕರೆ ಸಾಕು, ಒಳಗೆ ಯಾವ ಓಎಸ್ ಇದೆ ಎಂಬ ಚಿಂತೆಯಿಲ್ಲ. ಅತಿ ಜಾಸ್ತಿ ಗೊಣಗಿದವರು ಎಕ್ಸೆಲ್‌ನಲ್ಲಿ ಮ್ಯಾಕ್ರೊ (ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ) ಬರೆದಿಟ್ಟುಕೊಂಡವರು. ಅವರ ಗೊಣಗಾಟ ನ್ಯಾಯವೇ. ಮ್ಯಾಕ್ರೊಗಳು ಎಂಎಸ್ ಆಫೀಸ್ ಬದಲು ಬಳಸುವ ಉಚಿತ ಲಿಬ್ರೆಆಫೀಸ್‌ನಲ್ಲಿ ಅನೇಕ ಸಲ ಕೈಕೊಡುತ್ತವೆ.

ವಿಂಡೋಸ್‌ನಲ್ಲಿದ್ದುಕೊಂಡೇ ಅಭ್ಯಾಸ ಬದಲಿಸಿ

ಈ ಹೆಜ್ಜೆಯನ್ನು ಬಿಟ್ಟವರೇ ಹೆಚ್ಚಾಗಿ ವಾಪಸ್ ಬಂದಿರುವುದು. ಓಎಸ್ ಮುಟ್ಟಬೇಡಿ. ಈಗಿರುವ ವಿಂಡೋಸ್‌ನಲ್ಲೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ ಹಾಕಿಕೊಳ್ಳಿ. ಎಂಎಸ್ ಆಫೀಸ್ ಹಾಗೇ ಇರಲಿ, ಆದರೆ ಒಂದು ತಿಂಗಳು ಅದನ್ನು ತೆರೆಯಬೇಡಿ. ಈ ಮೂರೂ ಲಿನಕ್ಸ್‌ನಲ್ಲೂ ಇದೇ ಮುಖದಲ್ಲಿ ಸಿಗುತ್ತವೆ. ಹಾಗಾಗಿ ನಾಳೆ ಓಎಸ್ ಬದಲಾದಾಗ ಹೊಸದಾಗಿ ಕಲಿಯುವುದು ಮೆನು ಮತ್ತು ಫೈಲ್ ಇರುವ ಜಾಗ, ಅಷ್ಟೇ.

ಲಿಬ್ರೆಆಫೀಸ್‌ನಲ್ಲಿ ವರ್ಡ್ ಫೈಲ್ ತೆರೆದಾಗ ಸಾಲುಗಳು ಜರುಗಿ, ಒಂದು ಪುಟದ ಅರ್ಜಿ ಒಂದೂಕಾಲು ಪುಟ ಆಗುವುದುಂಟು. ಇದು ಹೆಚ್ಚಾಗಿ ಫಾಂಟ್‌ನ ಸಮಸ್ಯೆ. ಲಿನಕ್ಸ್‌ನಲ್ಲಿ ಕ್ಯಾಲಿಬ್ರಿ ಇರುವುದಿಲ್ಲ. ಅದೇ ಅಳತೆಯ ಕಾರ್ಲಿಟೊ ಹಾಕಿಕೊಂಡರೆ ಸಾಲುಗಳು ಬಹುಪಾಲು ಜಾಗಕ್ಕೆ ಬರುತ್ತವೆ. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ, ರಗಳೆ ಇಲ್ಲ.

ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15 ಸಾವಿರ ಕಂಪ್ಯೂಟರ್‌ಗಳನ್ನು ವರ್ಷಗಟ್ಟಲೆ ಶ್ರಮಪಟ್ಟು ಲಿನಕ್ಸ್‌ಗೆ ತಂದು, 2017ರಲ್ಲಿ ಮತ್ತೆ ವಿಂಡೋಸ್‌ಗೆ ಹೋಗಲು ತೀರ್ಮಾನಿಸಿತು. ರಾಜಕೀಯ ಕಾರಣಗಳೂ ಇದ್ದವು ಅನ್ನಿ. ಆದರೆ ಅಲ್ಲಿಯೂ ಹೊರಗಿನವರ ಜೊತೆ ಆಫೀಸ್ ಫೈಲ್‌ಗಳ ಹೊಂದಾಣಿಕೆ ಸರಿಯಿಲ್ಲ ಎಂಬುದೇ ದೊಡ್ಡ ದೂರು ಆಗಿತ್ತು. ಅದೇ ನಮ್ಮ ಪಕ್ಕದ ಕಾಸರಗೋಡಿನ ಕನ್ನಡ ಶಾಲೆಗಳನ್ನು ನೋಡಿ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ತಯಾರಿಸಿದ ಲಿನಕ್ಸ್‌ನಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುತ್ತಾರೆ. ಮೊದಲಿಂದ ಅದನ್ನೇ ನೋಡಿದ ಮಕ್ಕಳಿಗೆ ‘ಲಿನಕ್ಸ್ ಕಷ್ಟ’ ಎಂಬ ಮಾತು ಎಲ್ಲಿಂದ ಬರಬೇಕು?

ಪೆನ್‌ಡ್ರೈವ್‌ನಲ್ಲಿ ಓಡಿಸಿ ನೋಡಿ

ಲಿನಕ್ಸ್‌ನಲ್ಲಿ ಬಗೆಗಳು ನೂರಾರು. ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ: ವಿಂಡೋಸ್ ಕಂಡವರಿಗೆ ದಿಕ್ಕು ತಪ್ಪುವುದಿಲ್ಲ. 2024ರಲ್ಲಿ ಬಂದ ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ರ್‍ಯಾಮ್ 4 ಜಿಬಿ ಅಥವಾ ಜಾಸ್ತಿ ಇದ್ದರೆ ಸಿನಮನ್ ಆವೃತ್ತಿ, ಅದಕ್ಕಿಂತ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ. ಫೈಲ್ ಸುಮಾರು 3 ಜಿಬಿ ಇರುತ್ತದೆ.

8 ಜಿಬಿ ಪೆನ್‌ಡ್ರೈವ್ ಒಂದನ್ನು ಖಾಲಿ ಮಾಡಿ. ಎಚರ್ ಅಥವಾ ರೂಫಸ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಆ ಫೈಲನ್ನು ಅದಕ್ಕೆ ಬರೆಯಿರಿ. ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಕಂಪನಿಯ ಲೋಗೊ ಬರುವಾಗ ಬೂಟ್ ಮೆನು ಕೀಲಿ ಒತ್ತಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಮಿಂಟ್ ಪರದೆ ಬರುತ್ತದೆ. ನೀವಾಗಿ ಇನ್‌ಸ್ಟಾಲ್ ಒತ್ತುವವರೆಗೆ ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ.

ಈಗ ವೈಫೈ ಸೇರಿಸಿ. ಒಂದು ಹಾಡು ಹಾಕಿ. ಕ್ಯಾಮೆರಾ ನೋಡಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದು, ಮತ್ತೆ ಎಚ್ಚರವಾಗುತ್ತದೆಯೇ ನೋಡಿ. ಮುಖ್ಯವಾಗಿ ಪ್ರಿಂಟರ್ ಹಚ್ಚಿ ಒಂದು ಪುಟ ತೆಗೆಯಿರಿ. ಎಚ್‌ಪಿ ಪ್ರಿಂಟರ್‌ಗಳಿಗೆ ಬೇಕಾದದ್ದು ಬಹುಮಟ್ಟಿಗೆ ಒಳಗೇ ಇರುತ್ತದೆ. ಆದರೆ ನಮ್ಮ ಆಫೀಸುಗಳಲ್ಲಿ ಬಹಳ ಕಾಣುವ ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಜಗ್ಗುವುದೇ ಇಲ್ಲ. ಅದು ಇಲ್ಲೇ ಗೊತ್ತಾಗಲಿ. ಇನ್ನೊಂದು ಮಾತು: ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ. ಆ ವೇಗ ನೋಡಿ ತೀರ್ಪು ಕೊಡಬೇಡಿ.

‘ಡಿ ಡ್ರೈವ್‌ನಲ್ಲಿದೆ ಸಾರ್’

ಬ್ಯಾಕಪ್ ಇದೆಯಾ ಎಂದು ಕೇಳಿದರೆ ನಮ್ಮಲ್ಲಿ ಬರುವ ಉತ್ತರ ಇದು. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಎರಡು ಭಾಗ. ಇನ್‌ಸ್ಟಾಲ್ ಮಾಡುವಾಗ ‘ಇರೇಸ್ ಡಿಸ್ಕ್’ ಆರಿಸಿದರೆ ಮಗಳ ಮದುವೆ ಫೋಟೊ ಇದ್ದ ಡಿ ಡ್ರೈವ್ ಕೂಡ ಸಿ ಜೊತೆಗೇ ಹೋಗುತ್ತದೆ. ಬೇಕಾದದ್ದನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ, ಅದನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ಬಿಚ್ಚಿ ಬೀರುವಿನಲ್ಲಿಡಿ.

ವಿಂಡೋಸ್‌ನಲ್ಲಿ ಇನ್ನೂ ಮೂರು ಕೆಲಸವಿದೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಆಫ್ ಮಾಡಿ, ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಪವರ್ ಸೆಟ್ಟಿಂಗ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆಯಿರಿ. ಎರಡೂ ಓಎಸ್ ಇಟ್ಟುಕೊಳ್ಳುವವರಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಏನನ್ನೂ ಬರೆಯಲಾಗದೆ ತಲೆ ಕೆರೆದುಕೊಳ್ಳುತ್ತೀರಿ. ಮೂರನೆಯದು, ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಷನ್ ಟೂಲ್’ ಬಳಸಿ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಒಂದನ್ನು ಮಾಡಿಟ್ಟುಕೊಳ್ಳಿ. ಆ ಟೂಲ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಆಮೇಲೆ ಮಾಡುತ್ತೇನೆ ಅಂದರೆ ಆಗದು.

ಇನ್‌ಸ್ಟಾಲ್

ಇಷ್ಟು ಆದಮೇಲೆ ಇದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಪರದೆ ಮೇಲಿನ ಇನ್‌ಸ್ಟಾಲ್ ಚಿತ್ರ ಒತ್ತಿ. ಮಲ್ಟಿಮೀಡಿಯಾ ಕೊಡೆಕ್ (ಹಾಡು, ವಿಡಿಯೊ ಓಡಿಸಲು ಬೇಕಾದ ಸಾಫ್ಟ್‌ವೇರ್) ಬೇಕಾ ಎಂದು ಕೇಳಿದಾಗ ಟಿಕ್ ಹಾಕಿ. ಎರಡೂ ಇರಲಿ ಅಂದರೆ ‘ಇನ್‌ಸ್ಟಾಲ್ ಅಲಾಂಗ್‌ಸೈಡ್’, ಲಿನಕ್ಸ್ ಒಂದೇ ಸಾಕು ಅಂದರೆ ‘ಇರೇಸ್ ಡಿಸ್ಕ್’. ಸಮಯ ವಲಯಕ್ಕೆ ಕೋಲ್ಕತ್ತ ಆರಿಸಿ, ಅಲ್ಲಿ ಬೆಂಗಳೂರು ಹುಡುಕುತ್ತ ಕೂರಬೇಡಿ. ಎರಡೂ ಓಎಸ್ ಇಟ್ಟವರಲ್ಲಿ ಕೆಲವರಿಗೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಬ್ಯಾಟರಿ ಹೋಗಿದೆ ಎಂದು ಅಂಗಡಿಗೆ ಒಯ್ಯಬೇಕಿಲ್ಲ. ಒಂದು ಓಎಸ್ ಗಡಿಯಾರವನ್ನು ಗ್ರೀನಿಚ್ ಸಮಯದಲ್ಲಿ ಇಡುತ್ತದೆ, ಇನ್ನೊಂದು ಭಾರತದ ಸಮಯದಲ್ಲಿ. ವಿಂಡೋಸ್‌ನಲ್ಲಿ ಸಮಯದ ಸೆಟ್ಟಿಂಗ್‌ಗೆ ಹೋಗಿ ‘ಸಿಂಕ್ ನೌ’ ಒತ್ತಿದರೆ ಆ ಸಲಕ್ಕೆ ಸರಿಯಾಗುತ್ತದೆ.

ಕನ್ನಡ ಟೈಪಿಂಗ್

ನನ್ನನ್ನು ಜನ ಮೊದಲು ಕೇಳುವ ಪ್ರಶ್ನೆ ಇದೇ. ನುಡಿ ಮತ್ತು ಬರಹ ಎರಡೂ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್. ಆದರೆ ಅವುಗಳ ಕೀಲಿ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ, ಬೆರಳುಗಳ ಅಭ್ಯಾಸ ಬದಲಿಸಬೇಕಿಲ್ಲ.

ನುಡಿ ಶೈಲಿಯವರು ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಭಾಗಕ್ಕೆ ಹೋಗಿ ‘ಕನ್ನಡ, ಕಗಪ, ಫೊನೆಟಿಕ್’ ಎಂಬುದನ್ನು ಸೇರಿಸಿ. ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ. ಎ, ಕೆ, ಎಫ್, ಕೆ ಒತ್ತಿ ನೋಡಿ. ‘ಅಕ್ಕ’ ಎಂದು ಮೂಡಿದರೆ ನುಡಿಯಲ್ಲಿ ಒತ್ತಕ್ಷರಕ್ಕೆ ಬಳಸುತ್ತಿದ್ದ ಅದೇ ಎಫ್ ಕೀಲಿ ಇಲ್ಲೂ ಕೆಲಸ ಮಾಡುತ್ತಿದೆ ಎಂದರ್ಥ. ಬರಹದ ಹಾಗೆ ಇಂಗ್ಲಿಷ್ ಉಚ್ಚಾರದಲ್ಲಿ ಟೈಪ್ ಮಾಡುವವರು ‘ಇನ್‌ಪುಟ್ ಮೆಥಡ್’ನಿಂದ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು, ಕನ್ನಡದ ಐಟ್ರಾನ್ಸ್ ಆರಿಸಿ. ಕೆಲವು ಕೀಲಿಗಳು ಬೇರೆ, ವಾರದಲ್ಲಿ ಕೈಗೆ ಹತ್ತುತ್ತದೆ. ಮಿಂಟ್‌ನಲ್ಲಿ ಸಾಫ್ಟ್‌ವೇರ್ ಹುಡುಕಿ ಹಾಕಿಕೊಳ್ಳುವ ‘ಸಾಫ್ಟ್‌ವೇರ್ ಮ್ಯಾನೇಜರ್’ನಲ್ಲಿ ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟ್‌ಗಳೂ ಸಿಗುತ್ತವೆ. ಮಿಂಟ್‌ನ ಮೆನುಗಳನ್ನೇ ಕನ್ನಡಕ್ಕೆ ಬದಲಿಸಬಹುದು. ಆದರೆ ಅನುವಾದ ಪೂರ್ತಿಯಾಗಿಲ್ಲ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣುತ್ತದೆ. ಪ್ರೀತಿಯಿಂದ ಹಾಕಿಕೊಂಡ ಕೆಲವರು ಗೊಂದಲವಾಗಿ ಇಂಗ್ಲಿಷ್‌ಗೇ ಮರಳಿದ್ದಾರೆ.

ಹಳೆಯ ಫೈಲ್‌ಗಳದ್ದು ಬೇರೆ ಕಥೆ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ವ್ಯವಸ್ಥೆ) ಬಳಕೆಗೆ ಬರುವ ಮೊದಲು ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಫಾಂಟ್ ಇಲ್ಲದಿದ್ದರೆ ಕಾಣುವುದು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು. ಓದಿದರೆ ಸಾಕು ಅನ್ನುವವರು ಹಳೆಯ ಕಂಪ್ಯೂಟರ್‌ನಿಂದ ಆ ಫಾಂಟ್ ಫೈಲನ್ನು ತಂದು ಲಿನಕ್ಸ್‌ನಲ್ಲಿ ಹಾಕಿಕೊಳ್ಳಿ, ಲಿಬ್ರೆಆಫೀಸ್‌ನಲ್ಲಿ ಕನ್ನಡವಾಗಿ ಕಾಣುತ್ತದೆ. ತಿದ್ದಬೇಕು, ಹುಡುಕಬೇಕು ಅನ್ನುವವರು ಆಸ್ಕಿಯಿಂದ (ಆ ಹಳೆಯ ಫಾಂಟ್‌ಗಳ ರೀತಿಗೆ ಇರುವ ಹೆಸರು) ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನ ಬಳಸಬೇಕು. ಪರಿವರ್ತನೆ ಆದಮೇಲೆ ಅರ್ಕಾವತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಎಡವಟ್ಟು ಆಗುವುದು ಅಲ್ಲೇ ಜಾಸ್ತಿ. ಸಾಧ್ಯವಾದರೆ ಈ ಕೆಲಸವನ್ನೂ ವಿಂಡೋಸ್ ಇರುವಾಗಲೇ ಮುಗಿಸಿ.

ಮೊದಲ ವಾರ

ಮಿಂಟ್‌ನಲ್ಲೇ ಇರುವ ‘ಟೈಮ್‌ಶಿಫ್ಟ್’ ಸಾಧನ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಯಾವುದೋ ಅಪ್‌ಡೇಟ್‌ನಿಂದ ತೊಂದರೆಯಾದರೆ ಸಿಸ್ಟಂ ಅನ್ನು ಹಿಂದಿನ ಸ್ಥಿತಿಗೆ ತರಬಹುದು. ಇದು ಫೋಟೊ, ಕಡತಗಳ ಬ್ಯಾಕಪ್ ಅಲ್ಲ, ನೆನಪಿರಲಿ. ಗೂಗಲ್‌ನಲ್ಲಿ ಹುಡುಕಿ ಇಎಕ್ಸ್‌ಇ ಫೈಲ್ ಇಳಿಸುವ ಚಟ ಬಿಡಿ. ಬೇಕಾದದ್ದು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಹುಡುಕಿದರೆ ಬಹುಪಾಲು ಸಿಗುತ್ತದೆ. ಯಾರೋ ಬರೆದ ಕಮಾಂಡ್ ಅನ್ನು ಅರ್ಥವಾಗದೆ ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿ) ಹಾಕಬೇಡಿ.

ಬದಲಾಯಿಸಿದವರಿಗೆ ಹೆಚ್ಚು ಹಿಡಿಸಿರುವುದು ಅಪ್‌ಡೇಟ್ ಆಗುವ ರೀತಿ. ಕೆಲಸದ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ, ಜಾಹೀರಾತು ಬರುವುದಿಲ್ಲ. ಬೇಸರ ತರುವುದು ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದಿರುವುದು. ರಿಪೇರಿ ಅಂಗಡಿಗೆ ಒಯ್ದರೆ ‘ಇದೆಲ್ಲ ಯಾಕೆ ಸಾರ್, ವಿಂಡೋಸ್ ಹಾಕ್ಕೊಡ್ತೀನಿ’ ಎಂದು ಕ್ರ್ಯಾಕ್ ಮಾಡಿದ ಪ್ರತಿಯನ್ನು ತುಂಬಿಬಿಡುತ್ತಾರೆ. ಆಮೇಲೆ ಲಿನಕ್ಸೂ ಇಲ್ಲ, ಫೋಟೊಗಳೂ ಇಲ್ಲ. ಲಿನಕ್ಸ್ ಬಳಸುವ ಒಬ್ಬರನ್ನಾದರೂ ಮೊದಲೇ ಗುರುತು ಮಾಡಿಕೊಂಡಿರಿ, ಊರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗರಾದರೂ ಆದೀತು.

ಒಂದು ತಿಂಗಳಾದರೂ ಒಗ್ಗದಿದ್ದರೆ ವಾಪಸ್ ಹೋಗಿ, ಅದರಲ್ಲಿ ತಪ್ಪೇನಿಲ್ಲ ಅಲ್ವಾ? ಮೊದಲೇ ಮಾಡಿಟ್ಟ ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಾಕಿಕೊಳ್ಳಿ. ಅಸಲಿ ವಿಂಡೋಸ್ 10 ಇದ್ದ ಯಂತ್ರವಾದರೆ ಲೈಸೆನ್ಸ್ ಸಾಮಾನ್ಯವಾಗಿ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳಿದರೆ ‘ನನ್ನ ಬಳಿ ಕೀ ಇಲ್ಲ’ ಎಂಬುದನ್ನು ಒತ್ತಿ, ಮೊದಲಿದ್ದ ಆವೃತ್ತಿಯನ್ನೇ ಆರಿಸಿ. ಇಂಟರ್‌ನೆಟ್ ಸೇರಿಸಿದ ಮೇಲೆ ಅದು ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ.