ದನಿ ಹಿಡ್ಕೊಳ್ತಾ ಇದ್ಯಾ? ಗಂಟಲಿಗೆ ಬೊಟಾಕ್ಸ್ ಹಾಕಿಸ್ಕೊಳ್ಳೋದು ಹೀಗೆ

ಬೊಟಾಕ್ಸ್ ಅಂದ್ರೆ ಮುಖದ ಸುಕ್ಕು ತೆಗೆಸೋ ಇಂಜೆಕ್ಷನ್ ಅಂತ ನಾನೂ ಅಂದ್ಕೊಂಡಿದ್ದೆ, ನನ್ನ ಗಂಟಲಿಗೇ ಚುಚ್ಚಿಸ್ಕೊಳ್ಳೋವರೆಗೂ. ಇನ್ಶೂರೆನ್ಸ್ ಏಜೆಂಟ್ ನಾನು, ಫೋನೇ ಹೊಟ್ಟೆಪಾಡು, ಆದ್ರೆ ‘ಹಲೋ’ ಅನ್ನೋಕೆ ಹೋದ್ರೆ ಯಾರೋ ಕುತ್ತಿಗೆ ಹಿಸುಕಿದಂಗೆ ದನಿ ತುಂಡುತುಂಡಾಗಿ ಬರ್ತಿತ್ತು. ಇದರ ಹೆಸರು ಸ್ಪಾಸ್ಮೋಡಿಕ್ ಡಿಸ್ಫೋನಿಯಾ. ಗಂಟಲಲ್ಲಿ ಗಾಯ, ಗಂಟು ಏನೂ ಇರಲ್ಲ, ಮಿದುಳಿನ ಸಿಗ್ನಲ್ ತಪ್ಪಿ, ಹೆಚ್ಚಿನವರಿಗೆ ಮಾತಾಡೋವಾಗ ಧ್ವನಿತಂತುಗಳು ಬಿಗಿಯಾಗಿ ಕಚ್ಕೊಳ್ತವೆ. 1984ರಲ್ಲಿ ನ್ಯೂಯಾರ್ಕ್‌ನ ಡಾಕ್ಟರ್ ಆಂಡ್ರ್ಯೂ ಬ್ಲಿಟ್ಜರ್ ಆ ಬಿಗಿ ಸ್ನಾಯು ಸಡಿಲ ಮಾಡೋಕೆ ಬೊಟಾಕ್ಸ್ ಕೊಟ್ರು, ಇವತ್ತಿಗೂ ಮೊದಲ ಚಿಕಿತ್ಸೆ ಅದೇ.

ಮೊದಲು ಕಾಯಿಲೆ ಅದೇನಾ ಅಂತ ಗಟ್ಟಿ ಮಾಡ್ಕೊಳ್ಳಿ. ‘ಆನೆ ಊರಿಗೆ ಓಡಿ ಬಂತು’ ಅಂತ ಹೇಳೋವಾಗ ದನಿ ಮುರಿದು, ಪಿಸುಗುಟ್ಟಿದಾಗ, ನಕ್ಕಾಗ ಸರಿ ಇದ್ರೆ ಅನುಮಾನ ಪಡ್ಬೇಕು. ಇಎನ್‌ಟಿ ಡಾಕ್ಟರ್, ಸ್ಪೀಚ್ ಥೆರಪಿಸ್ಟ್ ಇಬ್ರೂ ನೋಡ್ಲಿ, ನಮ್ಮವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಜ್ಯೇಷ್ಠಮಧು, ಶುಂಠಿ ಕಷಾಯ, ‘ದನಿ ಕ್ಲಿಯರ್’ ಸಿರಪ್ಪು ಎಲ್ಲಾ ವರ್ಷಗಟ್ಲೆ ಕುಡಿದೆ, ಕಾಸು ದಂಡ.

ಇಂಜೆಕ್ಷನ್ ದಿನ ಅಂಥದ್ದೇನಿಲ್ಲ. ಭುಜದ ಕೆಳಗೆ ದಿಂಬಿಟ್ಟು ಮಲಗಿಸ್ತಾರೆ, ಗಂಟಲುಮಣಿ ಕೆಳಗಿನ ಸಂದಿಲಿ ಸಣ್ಣ ಸೂಜಿ, ಅದರಿಂದ ಸ್ನಾಯುವಿನ ಸಿಗ್ನಲ್ ಕೇಳಿಸೋ ಮಷೀನಿಗೊಂದು ವೈರ್. ‘ಈ...’ ಅನ್ನಿ ಅಂತಾರೆ, ಸ್ನಾಯು ಸಿಕ್ರೆ ಮಷೀನು ತಗಡಿನ ಮೇಲೆ ಮಳೆ ಬಿದ್ದಂಗೆ ಪಟಪಟ ಅನ್ನತ್ತೆ, ಆಗ ಔಷಧಿ ಬಿಡ್ತಾರೆ. ಆ ಹೊತ್ತಿಗೆ ಎಂಜಲು ನುಂಗ್ಬೇಡಿ, ಅಷ್ಟೇ. ಬಸುರಿ, ಬಾಣಂತಿ, ಮಯಸ್ತೇನಿಯಾ (ಸ್ನಾಯು ಸೋತುಹೋಗೋ ಕಾಯಿಲೆ) ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಮೊದ್ಲೇ ಹೇಳ್ಬಿಡಿ. ಬ್ಯೂಟಿ ಕ್ಲಿನಿಕ್‌ನಲ್ಲಿ ಅಗ್ಗಕ್ಕೆ ಸಿಗತ್ತೆ ಅಂತ ಮಾತ್ರ ಹೋಗ್ಬೇಡಿ.

ಎಲ್ರೂ ಎಡವೋದು ಆಮೇಲಿನ ಎರಡು ವಾರದಲ್ಲಿ. ಎರಡು ಮೂರು ದಿನಕ್ಕೆ ಔಷಧಿ ಹಿಡಿಯುತ್ತೆ, ಬಿಗಿಯಾಗಿದ್ದ ತಂತು ಸಡಿಲ ಆಗಿ ದನಿ ಬರೀ ಗಾಳಿ ಗಾಳಿ. ‘ಅಯ್ಯೋ ಇದ್ದದ್ದೂ ಹೋಯ್ತು’ ಅಂತ ಗಾಬರಿಯಾಗಿ ಕಿರಚಿ ನೋಡ್ತಾರೆ, ಮಾಡ್ಬೇಡಿ. ಇದು ಔಷಧಿ ಕೆಲ್ಸ ಮಾಡ್ತಿರೋ ಲಕ್ಷಣ. ಇನ್ನೊಂದು ನೀರು. ಚೊಂಬೆತ್ತಿ ಮೇಲಿಂದ ಸುರ್ಕೊಳ್ಳೋ ನಮ್ಮ ಅಭ್ಯಾಸ ಈಗ ಬಿಡ್ಲೇಬೇಕು, ನೆತ್ತಿಗೇರತ್ತೆ. ಗದ್ದ ಎದೆ ಕಡೆ ಬಾಗಿಸಿ ಲೋಟಕ್ಕೆ ಬಾಯಿಟ್ಟು ಒಂದೊಂದೇ ಗುಟುಕು. ನನಗೆ ತಿಳಿಸಾರಿಗಿಂತ ರಾಗಿ ಅಂಬಲಿನೇ ಸಲೀಸಾಗಿ ಇಳೀತಿತ್ತು, ಊಟ ಮಾಡ್ತಾ ಮಾತು ಬೇಡ್ವೇ ಬೇಡ, ಟೀವಿನೂ ಬೇಡ. ಉಸಿರಾಟಕ್ಕೆ ತೊಂದ್ರೆ ಆದ್ರೆ, ನುಂಗೋಕೇ ಆಗ್ದೆ ಇದ್ರೆ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ.

ಆಮೇಲೆ ಒಳ್ಳೆ ದಿನಗಳು, ಹೆಚ್ಚಿನವರಿಗೆ ಮೂರ್ನಾಲ್ಕು ತಿಂಗಳು. ನರದ ತುದಿ ಮತ್ತೆ ಚಿಗುರಿದ ಮೇಲೆ ಬಿಗಿ ವಾಪಸ್, ಮತ್ತೆ ಇಂಜೆಕ್ಷನ್.

ಒಂದು ಪುಸ್ತಕ ಇಡಿ: ಯಾವ ಬ್ರ್ಯಾಂಡು, ಎಡ ಬಲ ಯಾವ ಕಡೆ ತಂತುಗೆ ಎಷ್ಟು ಯೂನಿಟ್, ಗಾಳಿದನಿ ಎಷ್ಟು ದಿನ, ಚೆನ್ನಾಗಿದ್ದದ್ದು ಎಷ್ಟು ವಾರ. ಬೊಟಾಕ್ಸ್ ಯೂನಿಟ್ಟೂ, ಅದೇ ಥರದ ಇನ್ನೊಂದು ಬ್ರ್ಯಾಂಡ್ ಡಿಸ್ಪೋರ್ಟ್ ಯೂನಿಟ್ಟೂ ಒಂದೇ ಅಲ್ಲ, ಬ್ರ್ಯಾಂಡ್ ಬರೀದೆ ನಂಬರ್ ಬರೆದ್ರೆ ಉಪಯೋಗ ಇಲ್ಲ. ನನಗೆ ಮೊದಲ ಸಲ ಎರಡೂ ಕಡೆ ಹಾಕಿ ಮೂರು ವಾರ ಪಿಸುಮಾತೇ ಆಯ್ತು, ಪುಸ್ತಕ ನೋಡಿ ಮುಂದಿನ ಸಲ ಡೋಸ್ ಇಳಿಸಿದ್ರು.

ದಿನ ಗೊತ್ತು ಮಾಡೋವಾಗ ಕ್ಯಾಲೆಂಡರ್ ನೋಡ್ಕೊಳ್ಳಿ. ತಮ್ಮನ ಮಗಳ ಮದುವೆಗೆ ನಾಲ್ಕು ದಿನ ಇರೋವಾಗ ಹಾಕಿಸ್ಕೊಂಡು, ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲಾ ಬರೀ ಕೈ ಮುಗ್ದೆ, ‘ಏನ್ರೀ ಇವ್ರಿಗೆ ಇಷ್ಟು ಜಂಬ’ ಅಂದ್ರಂತೆ ಬೀಗರ ಕಡೆಯವರು.